11, 20 ಮತ್ತು ಚಾಮುಂಡಿ ಬೆಟ್ಟ

2024ರ ನೀರು ತುಂಬುವ ಹಬ್ಬದ ಸಂಜೆ. ಬಚ್ಚಲಿನ ಹಂಡೆ ತೊಳೆದು, ಸುಣ್ಣದ ಗೆರೆ ಎಳೆದು, ಅರಿಶಿನ ಕುಂಕುಮ ಇಟ್ಟಿದ್ದೆವು. ನೀರು ತುಂಬಿದ ಕೊಡ ಎತ್ತಿ ಹಂಡೆಗೆ ಸುರಿಯಬೇಕು, ಅಷ್ಟೇ ಕೆಲಸ. ಬಗ್ಗಿದವಳಿಗೆ ಏಳಲು ಆಗಲಿಲ್ಲ. ಸೊಂಟ ಹಿಡಿದುಕೊಂಡಿತು. ಕೊಡ ಕೈ ಜಾರಿ ನೀರೆಲ್ಲ ಬಚ್ಚಲು ಪಾಲಾಯಿತು. ಏಳನೇ ಕ್ಲಾಸಿನ ಮಗಳು ಓಡಿಬಂದು ಹಿಡಿದುಕೊಂಡಳು. ಅತ್ತೆ ಏನೂ ಅನ್ನಲಿಲ್ಲ, ಇನ್ನೊಂದು ಕೊಡ ತಾವೇ ತಂದು ಹಂಡೆ ತುಂಬಿದರು. ಅವರಿಗೆ 68, ನನಗೆ 41.

ಹಬ್ಬದ ಮೂರೂ ದಿನ ಮಲಗಿಯೇ ಇದ್ದೆ. ಆಮೇಲೆ ಡಾಕ್ಟರ ಹತ್ತಿರ ಹೋದಾಗ ಮೂಳೆಗೆ ಏನೂ ಆಗಿಲ್ಲ, ಬೆನ್ನಿನ ಸ್ನಾಯುಗಳಿಗೆ ಶಕ್ತಿಯೇ ಇಲ್ಲ ಎಂದರು. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.2 ಬಂತು. ಅದು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ. 5.7ರಿಂದ 6.4ರವರೆಗೆ ಇದ್ದರೆ ಅಂಚಿನಲ್ಲಿ ಇದ್ದೀರಿ ಎಂದರ್ಥ. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ. ನನ್ನ ತಾಯಿಗೆ ಇದೆ, ಸೋದರಮಾವನಿಗೆ ಇದೆ. "ದಿನಕ್ಕೆ ಎಷ್ಟು ಹೊತ್ತು ಕೂತಿರ್ತೀರಮ್ಮ?" ಎಂದು ಡಾಕ್ಟರು ಕೇಳಿದರು. ಹತ್ತು ಗಂಟೆ ಅಂದೆ. ಹನ್ನೊಂದು ಅನ್ನಲು ನಾಚಿಕೆಯಾಯಿತು.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಮೈಸೂರಿನ ಒಂದು ಆಡಿಟ್ ಆಫೀಸಿನಲ್ಲಿ 14 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಬಿ.ಕಾಂ. ಓದಿದವಳು. ಸಂತೇಪೇಟೆಯ ಬೇಳೆ ಅಂಗಡಿ, ಶಿವರಾಂಪೇಟೆಯ ಹಾರ್ಡ್‌ವೇರ್ ಅಂಗಡಿ, ಸಣ್ಣ ಹೋಟೆಲು, ಬಟ್ಟೆ ಅಂಗಡಿ, ಇಂಥವರೇ ನಮ್ಮ ಪಾರ್ಟಿಗಳು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ನಮ್ಮ ತಿಂಗಳಿಗೆ ಬೇರೆಯೇ ಪಂಚಾಂಗ ಶುರುವಾಯಿತು. 7ರೊಳಗೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್ 1, ಅಂದರೆ ಮಾರಾಟದ ಬಿಲ್ಲುಗಳ ಪಟ್ಟಿ. 15ಕ್ಕೆ ಪಿಎಫ್, ಇಎಸ್ಐ. 20ಕ್ಕೆ 3ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್. ಇದರ ಮೇಲೆ ಜುಲೈ ಕೊನೆಗೆ ಇನ್‌ಕಮ್ ಟ್ಯಾಕ್ಸ್, ಸೆಪ್ಟೆಂಬರ್ ಕೊನೆಗೆ ಆಡಿಟ್, ಡಿಸೆಂಬರ್ ಕೊನೆಗೆ ಜಿಎಸ್‌ಟಿ ವಾರ್ಷಿಕ ರಿಟರ್ನ್.

3ಬಿ ಒಂದು ದಿನ ತಡವಾದರೆ 50 ರೂಪಾಯಿ ದಂಡ. ವಹಿವಾಟೇ ಇಲ್ಲದಿದ್ದರೆ 20. ಹಣ ದೊಡ್ಡದಲ್ಲ. ಆದರೆ 11ನೇ ತಾರೀಖು ತಪ್ಪಿದರೆ ನಮ್ಮ ಪಾರ್ಟಿಯಿಂದ ಮಾಲು ಕೊಂಡವರಿಗೆ ಆ ತಿಂಗಳ ಪಟ್ಟಿಯಲ್ಲಿ ಆ ಬಿಲ್ ಕಾಣುವುದಿಲ್ಲ, ಅವರಿಗೆ ಇನ್‌ಪುಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಆಗ ಅವರು ನಮ್ಮ ಪಾರ್ಟಿಗೆ ಫೋನ್ ಮಾಡುತ್ತಾರೆ, ಪಾರ್ಟಿ ನಮಗೆ ಫೋನ್ ಮಾಡುತ್ತಾರೆ. ಒಬ್ಬರ ವ್ಯಾಪಾರದ ಮರ್ಯಾದೆ ನಮ್ಮ ಕೈಯಲ್ಲಿ ಇದೆ ಎಂಬ ಭಾವನೆಯಿಂದಲೇ ನಾನು ಇಷ್ಟು ವರ್ಷ ರಾತ್ರಿ ಒಂಬತ್ತರವರೆಗೆ ಕೂತದ್ದು. ಆ ಭಾವನೆ ಸುಳ್ಳಲ್ಲ, ಈಗಲೂ ನನ್ನಲ್ಲಿ ಇದೆ.

ಡಾಕ್ಟರು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳಿದರು. ದೊಡ್ಡವರಿಗೆ ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಚುರುಕು ನಡಿಗೆಯಂಥ ಶ್ರಮ ಬೇಕು. ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು. ನಾನು ಆಫೀಸಿನ ರೂಢಿಯಂತೆ ಅದನ್ನು ಏಳರಿಂದ ಭಾಗಿಸಿದೆ. ದಿನಕ್ಕೆ 22 ನಿಮಿಷ. ಇಷ್ಟೇನಾ ಅನ್ನಿಸಿತು.

ನವೆಂಬರ್ ಕೊನೆಗೆ ಮನೆ ಹತ್ತಿರದ ಜಿಮ್‌ಗೆ ಮೂರು ತಿಂಗಳ ಹಣ ಕಟ್ಟಿದೆ, 4,500 ರೂಪಾಯಿ. ಬೆಳಿಗ್ಗೆ ಐದಕ್ಕೆ ಎದ್ದು ಹೋಗುವುದು ಎಂದುಕೊಂಡೆ. ಒಂಬತ್ತು ದಿನ ಹೋದೆ. ಡಿಸೆಂಬರ್ 8ರ ಹೊತ್ತಿಗೆ ಆಫೀಸಿನಲ್ಲಿ ತಡ ಶುರುವಾಯಿತು. ರಾತ್ರಿ ಒಂಬತ್ತೂವರೆಗೆ ಮನೆ, ಊಟ, ಪಾತ್ರೆ, ಮಗಳ ಯೂನಿಫಾರ್ಮು, ಮಲಗುವಾಗ ಹನ್ನೊಂದೂವರೆ. ಐದಕ್ಕೆ ಎದ್ದರೆ ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರ್ ಮುಂದೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ನಿದ್ದೆಗಣ್ಣಲ್ಲಿ ಒಂದು ಎಂಟ್ರಿಯಲ್ಲಿ ಸೊನ್ನೆ ಜಾಸ್ತಿ ಬಿತ್ತು. ಆ ಸಂಜೆಯೇ ಹೆದರಿ ಅಲಾರಂ ತೆಗೆದುಹಾಕಿದೆ. ಜಿಮ್‌ಗೆ ಮತ್ತೆ ಹೋಗಲಿಲ್ಲ. ನನ್ನ ಕೈಲಿ ಆಗಲ್ಲ ಎಂದು ಜನವರಿಯಿಡೀ ಅಂದುಕೊಂಡೇ ಇದ್ದೆ.

ಫೆಬ್ರವರಿಯಲ್ಲಿ ಒಂದು ಯೋಚನೆ ಬಂತು. ಅಂಗಡಿಯವರು ಬಂದು "ಲಾಭ ಎಲ್ಲಿ ಹೋಗ್ತಿದೆ ಗೊತ್ತಾಗ್ತಿಲ್ಲ ಮೇಡಂ" ಅಂದಾಗ ನಾನು ಏನು ಮಾಡುತ್ತೇನೆ? ಖರ್ಚು ಬರೆದಿಡಿ ಎನ್ನುತ್ತೇನೆ. ಒಂದು ತಿಂಗಳು ಬರೆಯಿರಿ, ಏನನ್ನೂ ಬದಲಾಯಿಸಬೇಡಿ, ಬರೀ ಬರೆಯಿರಿ ಎನ್ನುತ್ತೇನೆ. ನನ್ನ ಹೊತ್ತಿನ ಲೆಕ್ಕವನ್ನು ನಾನೇ ಬರೆದಿರಲಿಲ್ಲ. ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಫೆಬ್ರವರಿ 1ರಿಂದ ಶುರುಮಾಡಿದೆ. ಎಷ್ಟಕ್ಕೆ ಬಂದೆ, ಎಷ್ಟಕ್ಕೆ ಹೊರಟೆ, ನಡುವೆ ಏನೇನು ಮಾಡಿದೆ. ಅರ್ಧ ಗಂಟೆಗೊಂದು ಸಾಲು.

28 ದಿನ ಆದ ಮೇಲೆ ಕೂಡಿಸಿದೆ. 20ನೇ ತಾರೀಖಿನ ವಾರ 62 ಗಂಟೆ. ಕೊನೆಯ ವಾರ 50 ಗಂಟೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತದೆ. ಆ ಕಾಯ್ದೆಯ ಕೆಳಗೆ ಎಷ್ಟೋ ಅಂಗಡಿಗಳ ಅರ್ಜಿ ತುಂಬಿದವಳು ನಾನು. ನನಗೂ ಅದು ಅನ್ವಯಿಸುತ್ತದೆ ಎಂದು ಆವತ್ತಿನವರೆಗೆ ಹೊಳೆದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದನ್ನೂ ಆಗಲೇ ಓದಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35 ಪರ್ಸೆಂಟ್ ಜಾಸ್ತಿ. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17 ಪರ್ಸೆಂಟ್ ಜಾಸ್ತಿ. ಪಕ್ಕದಲ್ಲೇ ನನ್ನ ಕೈಬರಹದಲ್ಲಿ 62 ಎಂದಿತ್ತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಆದರೆ ನೋಟ್‌ಬುಕ್ ಇನ್ನೂ ಎರಡು ವಿಷಯ ಹೇಳಿತು. ನನ್ನ ಮಟ್ಟಿಗೆ ದಾರಿ ತೆರೆದದ್ದು ಅವೇ.

ಒಂದು, ನನ್ನ ದಿನಗಳು ಒಂದೇ ಥರ ಇಲ್ಲ. 8ರಿಂದ 11, 16ರಿಂದ 20, ಈ ಒಂಬತ್ತು ದಿನ ಉಸಿರು ಬಿಡಲು ಆಗುವುದಿಲ್ಲ. ಉಳಿದ ದಿನಗಳಲ್ಲಿ ತಡ ಆಗುವುದು ಬರೀ ಅಭ್ಯಾಸದಿಂದ. 23ನೇ ತಾರೀಖು ಸಂಜೆ ಏಳರ ಮೇಲೆ ನಾನು ಮಾಡಿದ ಕೆಲಸವೆಂದರೆ ಫೈಲುಗಳನ್ನು ಜೋಡಿಸಿದ್ದು, ಅಷ್ಟೇ. ಎಲ್ಲರೂ ಕೂತಿದ್ದಾರಲ್ಲ ಎಂದು ನಾನೂ ಕೂತಿದ್ದೆ. ಹೀಗಿರುವಾಗ ದಿನಕ್ಕೆ 22 ನಿಮಿಷ ಎಂದು ಸಮನಾಗಿ ಹಂಚಿದ್ದೇ ತಪ್ಪು. ನಮ್ಮ ರೈತರು ವರ್ಷವಿಡೀ ಒಂದೇ ಅಳತೆಯಲ್ಲಿ ಕೆಲಸ ಮಾಡುತ್ತಾರಾ? ನಾಟಿಯ ದಿನಗಳೇ ಬೇರೆ, ಪೈರು ನಿಂತ ಮೇಲಿನ ದಿನಗಳೇ ಬೇರೆ. ನನ್ನ ತಿಂಗಳೂ ಹಾಗೇ ಇದೆ.

ಎರಡನೆಯದು ಇನ್ನೂ ಮುಖ್ಯ. ಆ ಒಂಬತ್ತು ದಿನಗಳಲ್ಲಿ ಹೊತ್ತು ತಿಂದದ್ದು ಲೆಕ್ಕ ಅಲ್ಲ, ಕಾಯುವುದು. ಪರ್ಚೇಸ್ ಬಿಲ್ಲಿಗೆ ಕಾಯುವುದು, ಬ್ಯಾಂಕ್ ಸ್ಟೇಟ್‌ಮೆಂಟಿಗೆ ಕಾಯುವುದು, ಕೊನೆಗೆ ಓಟಿಪಿಗೆ ಕಾಯುವುದು. ರಿಟರ್ನ್ ಸಲ್ಲಿಸುವಾಗ ಓಟಿಪಿ ಹೋಗುವುದು ಅಂಗಡಿ ಯಜಮಾನರ ಫೋನಿಗೆ. 20ರ ರಾತ್ರಿ ಎಂಟಕ್ಕೆ ಅವರು ಮದುವೆ ಮನೆಯಲ್ಲಿ ಇರುತ್ತಾರೆ, ಇಲ್ಲವೇ ಫೋನು ಚಾರ್ಜಿಗೆ ಹಾಕಿ ಮಲಗಿರುತ್ತಾರೆ. ನಾವು ನಾಲ್ಕು ಜನ ಕುರ್ಚಿಯಲ್ಲಿ ಕೂತು ಪೋರ್ಟಲ್ ನೋಡುತ್ತಾ ಇರುತ್ತೇವೆ. ನನ್ನ ನೋಟ್‌ಬುಕ್ಕಿನಲ್ಲಿ ಆ ವಾರ "ಕಾದೆ" ಎಂಬ ಸಾಲುಗಳೇ 13 ಗಂಟೆ ಆಗಿದ್ದವು.

ಇದನ್ನು ನಮ್ಮ ಆಫೀಸಿನ ಕಿರಿಯ ಹುಡುಗನಿಗೆ ತೋರಿಸಿದೆ. ಅವನು ಸೇರಿ ಎರಡು ವರ್ಷ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಅವನ ಬೆರಳು ಹಾರುತ್ತವೆ. "ಅಕ್ಕಾ, ನಾನು ಐದು ಸಲ ಫೋನ್ ಮಾಡಿದ್ರೂ ಅವರು ಬಿಲ್ ಕಳಿಸಲ್ಲ. ನೀವು ಒಂದ್ಸಲ ಮಾತಾಡಿದ್ರೆ ಸಂಜೆಗೆ ಬಂದಿರುತ್ತೆ. ಅದು ಹೇಗೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ" ಅಂದ.

ಸುಮ್ನೆ ಕೂತುಬಿಟ್ಟೆ. 14 ವರ್ಷ ನಾನು ಫೋನ್ ಕರೆಗಳನ್ನು ಕೆಲಸಕ್ಕೆ ಅಡ್ಡಿ ಎಂದುಕೊಂಡಿದ್ದೆ. ನನ್ನ ಬಲ ಲೆಕ್ಕದಲ್ಲಿ ಇದೆ ಎಂದು ನಂಬಿದ್ದೆ. ಪಿಯುಸಿಯಲ್ಲಿ ಅಕೌಂಟೆನ್ಸಿಗೆ 94 ಬಂದಿತ್ತು, ಅದನ್ನೇ ಹಿಡಿದುಕೊಂಡಿದ್ದೆ. ಎಂಟ್ರಿ ಮಾಡುವುದರಲ್ಲಿ ಆ ಹುಡುಗ ನನಗಿಂತ ಚುರುಕು. ಜನರ ಹತ್ತಿರ ಮಾತಾಡಿ ಕೆಲಸ ಆಗುವಂತೆ ಮಾಡುವುದು ನನಗೆ ಸಲೀಸು. ಸಲೀಸಾಗಿ ಬರುವುದನ್ನು ನಾವು ಬಲ ಎಂದು ಎಣಿಸುವುದೇ ಇಲ್ಲ, ಅಲ್ವಾ? ಕಷ್ಟಪಟ್ಟು ಮಾಡಿದ್ದಕ್ಕೆ ಮಾತ್ರ ಬೆಲೆ ಎಂದುಕೊಂಡಿರುತ್ತೇವೆ.

ನಮ್ಮ ಸರ್ ಹತ್ತಿರ ನೋಟ್‌ಬುಕ್ ತೆಗೆದುಕೊಂಡು ಹೋದೆ. "ಸರ್, 20 ಪಾರ್ಟಿಗಳ ಫೋನ್ ಕೆಲಸ ಪೂರ್ತಿ ನನಗೆ ಕೊಡಿ. ನನ್ನ ಎಂಟ್ರಿ ಹುಡುಗ ಮಾಡಲಿ. ನಾನು ಕೊನೆಗೆ ಚೆಕ್ ಮಾಡ್ತೀನಿ." ಅವರು ಒಪ್ಪಲಿಲ್ಲ. "ಎಂಟ್ರಿ ತಪ್ಪಾದ್ರೆ ಯಾರಮ್ಮ ಹೊಣೆ?" ಎಂದರು. "ನಾನು" ಅಂದೆ. ಏಪ್ರಿಲ್, ಮೇ ಎರಡು ತಿಂಗಳು ನೋಡೋಣ ಎಂದು ಒಪ್ಪಿದರು.

ಫೋನ್ ಮಾಡುವುದಕ್ಕೂ ಒಂದು ಕ್ರಮ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ, ಇಂಥ ಕೆಲಸ ಮಾಡುವ ಬೇರೆಯವರಿಗೂ ಉಪಯೋಗವಾಗಬಹುದು. "ಬಿಲ್ ಕಳಿಸಿ" ಎಂದರೆ ಯಾರೂ ಕಳಿಸುವುದಿಲ್ಲ. ಅದು ಇಡೀ ತಿಂಗಳ ಕಾಗದ ಹುಡುಕುವ ಕೆಲಸ, ಕೇಳಿದ ಕೂಡಲೇ ಅವರಿಗೆ ಸುಸ್ತಾಗುತ್ತದೆ. "ತಿಪಟೂರಿಂದ ಕೊಬ್ಬರಿ ಬಂತಲ್ಲ ಶೆಟ್ರೇ, ಆ ಒಂದು ಬಿಲ್ ಕಾಣ್ತಿಲ್ಲ" ಎಂದರೆ ಅವರಿಗೆ ಆ ಲೋಡು ಕಣ್ಣ ಮುಂದೆ ಬರುತ್ತದೆ. ಹತ್ತು ನಿಮಿಷದಲ್ಲಿ ಫೋಟೋ ಬರುತ್ತದೆ. ಪ್ರತಿ ತಿಂಗಳು 14ಕ್ಕೆ ಪೋರ್ಟಲಿನಲ್ಲಿ 2ಬಿ ಎಂಬ ಪಟ್ಟಿ ಸಿಗುತ್ತದೆ. ಮಾಲು ಕೊಟ್ಟವರು ಯಾವ ಬಿಲ್ ತೋರಿಸಿದ್ದಾರೆ ಎಂಬುದು ಅದರಲ್ಲಿ ಇರುತ್ತದೆ. ಅದನ್ನು ಮುಂದೆ ಇಟ್ಟುಕೊಂಡು ಇದೊಂದು, ಇದೊಂದು ಎಂದು ಕೇಳಬೇಕು. ಅಂಗಡಿಯಲ್ಲಿ ಗಿರಾಕಿ ಇರುವ ಹೊತ್ತಿಗೆ ಮಾಡಬಾರದು. ಬೇಳೆ ಅಂಗಡಿಯವರಿಗೆ ಮಧ್ಯಾಹ್ನ ಎರಡೂವರೆ, ಹೋಟೆಲಿನವರಿಗೆ ಬೆಳಿಗ್ಗೆ ಹನ್ನೊಂದು. ಒಬ್ಬ ಹಿರಿಯರಿಗೆ ಮೆಸೇಜ್ ಓದಲು ಬರುವುದಿಲ್ಲ, ಅವರ ಮೊಮ್ಮಗ ಕಾಲೇಜಿನಿಂದ ಬರುವುದು ನಾಲ್ಕಕ್ಕೆ. ಅವನಿಗೆ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದರೆ ಅಜ್ಜನಿಗೂ ಕೇಳಿಸುತ್ತಾನೆ. ಓಟಿಪಿಗೆ ಎಲ್ಲರಿಗೂ ಒಂದೇ ಮಾತು ಹೇಳಿದೆ. 17, 18, 19, ಈ ಮೂರು ದಿನ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಫೋನು ಕೈಯಲ್ಲಿ ಇರಲಿ ಅಣ್ಣಾ, ಆಮೇಲೆ ನಾನು ತೊಂದರೆ ಕೊಡಲ್ಲ.

ಕೊಟ್ಟ ಮಾತು ಉಳಿಸಿಕೊಂಡರು. ಎಲ್ಲರೂ ಅಲ್ಲ, ಆದರೆ 20ರಲ್ಲಿ 15 ಜನ.

ಇದರ ನಡುವೆ ಬೆನ್ನಿನ ಕೆಲಸವೂ ನಡೆದಿತ್ತು. ಫಿಸಿಯೋಥೆರಪಿ ಮಾಡುವವರು ಮೂರೇ ವ್ಯಾಯಾಮ ಹೇಳಿಕೊಟ್ಟಿದ್ದರು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತಿ ಹಿಡಿಯುವುದು. ಎಲ್ಲ ಸೇರಿ ಹತ್ತು ನಿಮಿಷ. ಎಷ್ಟೇ ಕೆಲಸದ ದಿನವಾದರೂ ಇದನ್ನು ಬಿಡಬಾರದು, ಉಳಿದದ್ದು ತಿಂಗಳ ಲೆಕ್ಕದಲ್ಲಿ ಎಂದು ನಿರ್ಧರಿಸಿದೆ. ರಾತ್ರಿ ಊಟಕ್ಕೆ ಮುಂಚೆ ಮಗಳು ಎಣಿಸುತ್ತಾಳೆ, ನಾನು ಮಾಡುತ್ತೇನೆ. ಮೊದಲ ವಾರ ಕುರ್ಚಿಯಿಂದ ನಾಲ್ಕು ಸಲ ಏಳುವಷ್ಟಕ್ಕೇ ತೊಡೆ ನಡುಗುತ್ತಿತ್ತು.

ಫೋನ್ ಕೆಲಸ ಸಿಕ್ಕಿದ ಮೇಲೆ ಇನ್ನೊಂದು ಲಾಭ ಆಯಿತು. ಮಾತಾಡಲು ಕೂರಬೇಕಾಗಿಲ್ಲ. ನಮ್ಮ ಆಫೀಸಿನ ಮಹಡಿಯಲ್ಲಿ ಉದ್ದ ಕಾರಿಡಾರ್ ಇದೆ. ಕಿವಿಗೆ ಇಯರ್‌ಫೋನ್, ಕೈಯಲ್ಲಿ ಪಟ್ಟಿ, ಆ ತುದಿಯಿಂದ ಈ ತುದಿಗೆ ನಡೆಯುತ್ತಾ ಮಾತಾಡುತ್ತೇನೆ. 8ರಿಂದ 11ರವರೆಗಿನ ದಿನಗಳಲ್ಲಿ ದಿನಕ್ಕೆ 40 ನಿಮಿಷ ಹೀಗೆ ನಡೆದಿರುತ್ತೇನೆ. ಚುರುಕು ನಡಿಗೆ ಅಲ್ಲ, ನಿಜ. ಆದರೆ ಸಂಜೆ ಕಾಲು ಊದುವುದು ನಿಂತುಹೋಯಿತು.

ಬಿಡುವಿನ ದಿನಗಳಿಗೆ ಕುಕ್ಕರಹಳ್ಳಿ ಕೆರೆ. ನಮ್ಮ ಮನೆ ಸರಸ್ವತಿಪುರಂ ಕಡೆ, ಹತ್ತು ನಿಮಿಷದ ದಾರಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಕೆರೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಇದ್ದು ಒಮ್ಮೆಯೂ ಪೂರ್ತಿ ಸುತ್ತಿರಲಿಲ್ಲ. ಮೊದಲ ಸುತ್ತಿಗೆ ಒಂದು ಗಂಟೆ ಮೀರಿತು. ಈಗ 45 ನಿಮಿಷ ಸಾಕು. ಬೆಳಿಗ್ಗೆ ಆರೂಕಾಲಿಗೆ ಏರಿಯ ಮೇಲೆ ಮಂಜು ಇರುತ್ತದೆ. ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಗಳ ಹಾಗೆ ನಿಧಾನವಾಗಿ ಹೋಗುತ್ತವೆ. ಆ ಒಂದು ಗಂಟೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಮನೆಯಲ್ಲಿ ತಿಂಡಿಯ ಹೊಣೆ ಆ ದಿನಗಳಲ್ಲಿ ನಮ್ಮ ಯಜಮಾನರದ್ದು. ಅವರದು ಫ್ಯಾಕ್ಟರಿ ಶಿಫ್ಟ್ ಕೆಲಸ. ಸೆಕೆಂಡ್ ಶಿಫ್ಟ್ ಇರುವ ವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತಾರೆ. ಅವಲಕ್ಕಿ, ಉಪ್ಪಿಟ್ಟು ಚೆನ್ನಾಗಿಯೇ ಮಾಡುತ್ತಾರೆ. ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕೇಳಿದೆ, ಆಯಿತು.

ಏಪ್ರಿಲ್ 6, ಭಾನುವಾರ, ರಾಮನವಮಿ. ಅವತ್ತು ಮೊದಲ ಸಲ ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿ ಹೋದೆ. ಸಾವಿರ ಮೆಟ್ಟಿಲು. ಕೆಲವು ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತಾ ಹತ್ತುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ಬಗ್ಗಿ ಏಳುವ ಅವರ ಸೊಂಟ ನೋಡಿ ಕೈ ಮುಗಿಯಬೇಕು ಅನ್ನಿಸಿತು. ಸುಮಾರು 700ನೇ ಮೆಟ್ಟಿಲ ಬಳಿ ನಂದಿ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಒಂದೇ ಕಲ್ಲಿನಲ್ಲಿ ಕಡೆದ ನಂದಿ. ಅಲ್ಲಿ ಅರ್ಧ ಗಂಟೆ ಕೂತೆ. ಮೇಲೆ ತಲುಪಿದಾಗ ಕಣ್ಣಲ್ಲಿ ನೀರು ಬಂತು. ಐದು ತಿಂಗಳ ಹಿಂದೆ ಒಂದು ಕೊಡ ನೀರು ಎತ್ತಲು ಆಗದವಳು ಇಷ್ಟು ಹತ್ತಿದ್ದೆ.

ಅದೇ ಹುರುಪಿನಲ್ಲಿ ಮೆಟ್ಟಿಲಲ್ಲೇ ಇಳಿದೆ. ಅದು ತಪ್ಪಾಯಿತು. ಮಾರನೆಯ ದಿನ ಎರಡೂ ಮೊಣಕಾಲು ಊದಿದವು. 8ನೇ ತಾರೀಖು, ಅದೂ ಹೊಸ ವ್ಯವಸ್ಥೆಯ ಮೊದಲ ತಿಂಗಳು, ಕಾಲು ಚಾಚಿ ಸ್ಟೂಲಿನ ಮೇಲಿಟ್ಟು ಕೆಲಸ ಮಾಡಿದೆ. ಕಾರಿಡಾರಿನಲ್ಲಿ ನಡೆಯಲೂ ಆಗಲಿಲ್ಲ. ಹತ್ತುವಾಗ ಬರೀ ಉಸಿರು ಕಟ್ಟುತ್ತದೆ, ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವನ್ನು ತೊಡೆಯ ಸ್ನಾಯು ತಡೆದು ನಿಲ್ಲಿಸಬೇಕು, ಆ ಶಕ್ತಿ ಇಲ್ಲದಿದ್ದರೆ ಮೊಣಕಾಲಿನ ಮೇಲೆ ಬೀಳುತ್ತದೆ ಎಂದು ಫಿಸಿಯೋದವರು ವಿವರಿಸಿದರು. ಅಲ್ಲಿಂದ ಈಚೆಗೆ ಹತ್ತುವುದು ಮೆಟ್ಟಿಲು, ಇಳಿಯುವುದು ಸಿಟಿ ಬಸ್ಸು. ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ತೋರಿಸಿದರೆ ಟಿಕೆಟಿಗೆ ದುಡ್ಡೂ ಇಲ್ಲ. ಜಿಮ್ಮಿಗೆ ಕಟ್ಟಿದ 4,500 ನೆನಪಾಗುತ್ತದೆ.

ಮೇ ತಿಂಗಳ 3ಬಿಯಲ್ಲಿ ಒಂದು ತಪ್ಪಾಯಿತು. ಹುಡುಗ ಒಂದೇ ಪರ್ಚೇಸ್ ಬಿಲ್ ಎರಡು ಸಲ ಏರಿಸಿದ್ದ. ನಾನು 2ಬಿ ಜೊತೆ ತಾಳೆ ನೋಡುವಾಗ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಮುಂದಿನ ತಿಂಗಳು ಅದನ್ನು ವಾಪಸ್ ಮಾಡಿ ಬಡ್ಡಿ ಕಟ್ಟಬೇಕಾಯಿತು. ಪಾರ್ಟಿಯ ಮುಂದೆ ತಲೆ ತಗ್ಗಿಸಿ ನಿಂತೆ. ಹೊಣೆ ನನ್ನದೇ ಎಂದು ಮೊದಲೇ ಹೇಳಿದ್ದೆನಲ್ಲ. ಆಮೇಲಿಂದ ಚೆಕ್ ಮಾಡುವ ಕೆಲಸವನ್ನು ಬೆಳಿಗ್ಗೆ ಬಂದ ಕೂಡಲೇ ಮಾಡುತ್ತೇನೆ. ಸಂಜೆ ಆರರ ಮೇಲೆ ಅಂಕಿ ತಾಳೆ ನೋಡುವುದೇ ಇಲ್ಲ. ನಿದ್ದೆ ಮಾಡಿ ಎದ್ದ ಕಣ್ಣಿಗೆ ಕಾಣುವುದು ದಣಿದ ಕಣ್ಣಿಗೆ ಕಾಣುವುದಿಲ್ಲ.

2025ರ ಜುಲೈ ಬಂತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐನಲ್ಲಿ ಬಂದ ಹಣದ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ತಿಂಗಳು ಅದು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ಕ್ಯಾಶ್ ಮಾತ್ರ ಎಂದು ಬರೆದು ಅಂಟಿಸಿದವು. ನಮ್ಮ ಊರಿನಲ್ಲೂ ನೋಟಿಸ್ ಬರದವರಿಗೂ ಗಾಬರಿ. ಆಫೀಸಿನ ಫೋನು ಬಿಡುವಿಲ್ಲದೆ ಹೊಡೆಯುತ್ತಿತ್ತು. ಒಬ್ಬ ಹೂವಿನ ವ್ಯಾಪಾರಿ ಬಂದರು, ಅರವತ್ತರ ಹೆಂಗಸು. ಸೆರಗಿನ ತುದಿಯಲ್ಲಿ ಫೋನು ಸುತ್ತಿಕೊಂಡಿದ್ದರು. "ಅಮ್ಮಾ, ಈ ಫೋನಿಗೆ ದುಡ್ಡು ಬಂದ್ರೆ ಜೈಲಿಗೆ ಹಾಕ್ತಾರಂತೆ ಹೌದಾ?" ಎಂದು ಕೇಳಿದರು.

ಅವರನ್ನು ಕೂರಿಸಿ ನೀರು ಕೊಟ್ಟೆ. ಹೇಳಿದೆ. ಬಿಡಿ ಹೂವಿಗೆ ಜಿಎಸ್‌ಟಿಯೇ ಇಲ್ಲ ಅಜ್ಜಿ. ತರಕಾರಿಗೂ ಇಲ್ಲ. ತೆರಿಗೆ ಇರುವ ಸಾಮಾನು ಮಾರುವವರಿಗೂ ವರ್ಷಕ್ಕೆ 40 ಲಕ್ಷ ದಾಟಿದರೆ ಮಾತ್ರ ರಿಜಿಸ್ಟ್ರೇಷನ್. ಮಗ ಊರಿಂದ ಕಳಿಸಿದ ದುಡ್ಡು ವ್ಯಾಪಾರದ ದುಡ್ಡಲ್ಲ. ಯಾವ ದುಡ್ಡು ಯಾವುದು ಎಂದು ಒಂದು ಪುಸ್ತಕದಲ್ಲಿ ಬರೆಸಿಡಿ, ಸಾಕು. ಅಜ್ಜಿ ಫೋನನ್ನು ಸೆರಗಿನಿಂದ ಬಿಚ್ಚಿ ಮೇಜಿನ ಮೇಲಿಟ್ಟು ಒಂದು ಉಸಿರು ಬಿಟ್ಟರು. ಆ ಉಸಿರು ನನಗೆ ಇನ್ನೂ ಕೇಳಿಸುತ್ತದೆ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಮಾತಾಡಿ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಗಾಬರಿ ಇಳಿಯಿತು. ಅಷ್ಟರಲ್ಲಿ ನಾನು ಹಾಗೆ ಎಷ್ಟು ಜನರ ಜೊತೆ ಕೂತಿದ್ದೆನೋ ಲೆಕ್ಕ ಇಟ್ಟಿಲ್ಲ. ದಣಿವೇ ಆಗಲಿಲ್ಲ. ಅದೇ ಹೊತ್ತು ಎಂಟ್ರಿ ಮಾಡಿದ್ದರೆ ತಲೆ ಸಿಡಿಯುತ್ತಿತ್ತು. ತನಗೆ ಒಗ್ಗುವ ಕೆಲಸಕ್ಕೂ ಒಗ್ಗದ ಕೆಲಸಕ್ಕೂ ಮೈಯೇ ಬೇರೆ ಥರ ಸ್ಪಂದಿಸುತ್ತದೆ. ಇದು ನನಗೆ ಆ ತಿಂಗಳು ಗೊತ್ತಾಯಿತು.

ಸರ್ ಎಲ್ಲ ನೋಡುತ್ತಿದ್ದರು. ಆಗಸ್ಟಿನಲ್ಲಿ ಕರೆದು, ಎಲ್ಲ ಪಾರ್ಟಿಗಳ ಮಾತುಕತೆ ನೀವೇ ನೋಡಿಕೊಳ್ಳಿ ಎಂದರು. ನಾನು ಆಗ ಗಂಟೆಯ ವಿಷಯ ಎತ್ತಿದೆ. ಗಂಟಲು ಒಣಗಿತ್ತು. "ಸರ್, ಆ ಒಂಬತ್ತು ದಿನ ಎಷ್ಟು ಹೊತ್ತಾದರೂ ಇರ್ತೀನಿ. ಉಳಿದ ದಿನ ಒಂಬತ್ತಕ್ಕೆ ಬಂದು ಆರೂವರೆಗೆ ಹೋಗ್ತೀನಿ. ನಾನೊಬ್ಬಳೇ ಅಲ್ಲ, ನಾವು ನಾಲ್ಕೂ ಜನ." ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತಾ ಕೂತರು. ಸೆಪ್ಟೆಂಬರ್ ಕಳೆಯಲಿ ಎಂದರು. ಕಾಯ್ದೆಯ ಮಾತು ನಾನು ಎತ್ತಲಿಲ್ಲ, ಆದರೆ ನನ್ನ ನೋಟ್‌ಬುಕ್ ಅವರ ಮೇಜಿನ ಮೇಲೆ ಇತ್ತು.

ಆ ಸೆಪ್ಟೆಂಬರ್ ನಮ್ಮ ಕೆಲಸದವರು ಯಾರೂ ಮರೆಯುವಂಥದ್ದಲ್ಲ. ಜುಲೈ 31ರ ಇನ್‌ಕಮ್ ಟ್ಯಾಕ್ಸ್ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು. ಕೊನೆಗೆ ಇನ್ನೊಂದು ದಿನ ಕೊಟ್ಟರು. ಅದರ ಹಿಂದೆಯೇ 20ರ 3ಬಿ. 22ರಂದು ಜಿಎಸ್‌ಟಿ ದರಗಳೇ ಬದಲಾದವು. 12 ಮತ್ತು 28ರ ಹಂತ ಹೋಗಿ ಬಹುತೇಕ ಸಾಮಾನು 5 ಮತ್ತು 18ಕ್ಕೆ ಬಂದವು. ಸೋಪು, ತಲೆಗೆಣ್ಣೆ, ಟೂತ್‌ಪೇಸ್ಟು 18ರಿಂದ 5ಕ್ಕೆ. ಬೆಣ್ಣೆ, ತುಪ್ಪ 12ರಿಂದ 5ಕ್ಕೆ. ಹಳೆಯ ಎಂಆರ್‌ಪಿಯ ಸ್ಟಾಕು ಏನು ಮಾಡೋದು ಎಂದು ಪ್ರತಿ ದಿನಸಿ ಅಂಗಡಿಯಿಂದ ಫೋನು. ಅದೇ 22ಕ್ಕೆ ದಸರಾ ಶುರು, ಊರು ತುಂಬ ದೀಪ, ರಸ್ತೆ ತುಂಬ ಜನ. 30ಕ್ಕೆ ಆಡಿಟ್. 25ರಂದು ಅದನ್ನು ಅಕ್ಟೋಬರ್ 31ಕ್ಕೆ ಮುಂದೂಡಿದ ಸುದ್ದಿ ಬಂದಾಗ ಆಫೀಸಿನಲ್ಲಿ ಚಪ್ಪಾಳೆ ಹೊಡೆದೆವು.

ಆ ತಿಂಗಳು ಬೆಟ್ಟ ಇಲ್ಲ, ಕೆರೆ ಎರಡೇ ದಿನ. ಒಂದು ವಾರ 58 ಗಂಟೆ ಆಯಿತು. ಆದರೆ ಹತ್ತು ನಿಮಿಷದ ಮೂರು ವ್ಯಾಯಾಮ 30 ದಿನದಲ್ಲಿ 27 ದಿನ ಮಾಡಿದೆ. ಮಗಳ ಎಣಿಕೆಯ ಗೀಟುಗಳು ನೋಟ್‌ಬುಕ್ಕಿನಲ್ಲಿ ಇವೆ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ರಾತ್ರಿ ಬೇಕರಿಯಿಂದ ಪಫ್ಸ್ ತರಿಸಿ ತಿಂದು ಕೂತಿದ್ದವರು ಈ ಸಲ ಏಳಕ್ಕೆ ಮನೆಯಿಂದ ತಂದ ಚಪಾತಿ, ಪಲ್ಯ ತಿಂದೆವು. ನಾಲ್ಕೂ ಜನ ಸರದಿಯಲ್ಲಿ ಪಲ್ಯ ತರುವುದು ಎಂದು ಮಾಡಿಕೊಂಡಿದ್ದೆವು. ರಾತ್ರಿ ಹನ್ನೊಂದಕ್ಕೆ ಮಲಗಿದೆ, ಐದೂವರೆಯ ಒಳಗೆ ಏಳಲಿಲ್ಲ.

ಅಕ್ಟೋಬರಿನಲ್ಲಿ ಮತ್ತೆ ರಕ್ತ ಕೊಟ್ಟೆ. ಎಚ್‌ಬಿಎ1ಸಿ 5.8. ಇನ್ನೂ ಅಂಚಿನಲ್ಲೇ, ಆದರೆ ಈ ಕಡೆಯ ಅಂಚಿಗೆ ಹತ್ತಿರ. ತೂಕ 71ರಿಂದ 67. ಅಕ್ಟೋಬರ್ 19ರ ಭಾನುವಾರ ಸಂಜೆ ನೀರು ತುಂಬುವಾಗ ಮೊಣಕಾಲು ಮಡಚಿ, ಬೆನ್ನು ನೆಟ್ಟಗೆ ಇಟ್ಟು ಕೊಡ ಎತ್ತಿದೆ. ಅತ್ತೆ ಪಕ್ಕದಲ್ಲೇ ಇನ್ನೊಂದು ಕೊಡ ಹಿಡಿದು ನಿಂತಿದ್ದರು, ಬೇಕಾದೀತು ಎಂದು. ಬೇಕಾಗಲಿಲ್ಲ. ಮರುದಿನ 20, ಆದರೆ ದೀಪಾವಳಿಗೆಂದು ಆ ತಿಂಗಳ 3ಬಿಯನ್ನು 25ರವರೆಗೆ ಮುಂದೂಡಿದ್ದರು. ಹಬ್ಬದ ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿ ಮಗಳ ಜೊತೆ ಹೂಬತ್ತಿ ಹಚ್ಚಿದೆ. ಎಷ್ಟು ವರ್ಷದ ಮೇಲೋ.

ಸರ್ ಮಾತು ಉಳಿಸಿಕೊಂಡಿದ್ದಾರೆ. ನವೆಂಬರಿನಿಂದ ಬಿಡುವಿನ ದಿನಗಳಲ್ಲಿ ಆರೂವರೆಗೆ ಲೈಟು ಆರಿಸುತ್ತೇವೆ. ಆದರೆ ಕಿರಿಯ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಕೊನೆಗೆ ಹೊರಡುತ್ತಾನೆ. ಹೊಸದಾಗಿ ಬಂದ ಹುಡುಗಿಗೆ ಟ್ಯಾಲಿ ಬರುತ್ತದೆ, ಫೋನಿನಲ್ಲಿ ಮಾತಾಡಲು ಭಯ. ಅವಳ ಬಲ ಯಾವುದು ಎಂದು ಇನ್ನೂ ಗೊತ್ತಿಲ್ಲ. ಅವಳಿಗೂ ಒಂದು ನೋಟ್‌ಬುಕ್ ಕೊಟ್ಟು ಒಂದು ತಿಂಗಳು ಬರೆಯಲು ಹೇಳಿದ್ದೇನೆ.

ಡಿಸೆಂಬರ್ ಪುಟಕ್ಕೆ ಗೆರೆ ಎಳೆದಾಗಿದೆ. 31ಕ್ಕೆ ವಾರ್ಷಿಕ ರಿಟರ್ನ್ ಇರುವುದರಿಂದ ಈ ಸಲ ತಿಂಗಳ ಕೊನೆ ಖಾಲಿ ಇಲ್ಲ. ಅದಕ್ಕೆ ಬೆಟ್ಟವನ್ನು 14ಕ್ಕೆ ಬರೆದಿದ್ದೇನೆ, ಭಾನುವಾರ. ಅಂದೇ 2ಬಿ ಬರುತ್ತದೆ, ಅದನ್ನು ಸೋಮವಾರ ಬೆಳಿಗ್ಗೆ ನೋಡಬಹುದು. ಮಗಳೂ ಬರುತ್ತಾಳಂತೆ. ಮೆಟ್ಟಿಲಲ್ಲೇ ಇಳಿಯೋಣ ಅಮ್ಮ ಎನ್ನುತ್ತಿದ್ದಾಳೆ. ನಂದಿಯವರೆಗೆ ಹೋದ ಮೇಲೆ ಹೇಳುತ್ತೇನೆ ಎಂದಿದ್ದೇನೆ.